ಮಾವ ಪಟ್ಟಿಯಿಂದ ಬಿಟ್ಟ ಮಾತುಗಳು

ನಮ್ಮ ಮಾವ ಎರಡು ಸಲ ಮಾತು ಕಳೆದುಕೊಂಡರು. ಮೊದಲ ಸಲ ಆಸ್ಪತ್ರೆಯಲ್ಲಿ, ಎಲ್ಲರಿಗೂ ತಿಳಿದು, ಸಹಿ ಹಾಕಿ. ಎರಡನೆಯ ಸಲ ಡೊಂಬಿವಲಿಯ ನಮ್ಮ ಮನೆಯ ಹಾಲಿನಲ್ಲಿ, ಯಾರಿಗೂ ಸುಳಿವಿಲ್ಲದೆ. ಮೊದಲನೆಯದಕ್ಕೆ ಗಂಟಲಿನ ಗಡ್ಡೆ ಕಾರಣ. ಎರಡನೆಯದಕ್ಕೆ ಒಂದು ಡಿಸ್ಕು ಮತ್ತು ಅವರ ಹೋಟೆಲಿನ ಒಂದು ರೂಢಿ ಸೇರಿಕೊಂಡು ಕಾರಣವಾದವು. ಗಡ್ಡೆಯ ಮೇಲಿನ ಸಿಟ್ಟು ಯಾವತ್ತೋ ಹೋಯಿತು. ಡಿಸ್ಕಿನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ.

ಮಾವ, ಅಂದರೆ ನನ್ನ ಗಂಡನ ತಂದೆ, ಉಡುಪಿ ಕಡೆಯವರು. ಹರೆಯದಲ್ಲೇ ಥಾಣೆಗೆ ಬಂದು, ವಾಗ್ಳೆ ಎಸ್ಟೇಟಿನ ಹತ್ತಿರದ ಒಂದು ಶಾಕಾಹಾರಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿ ಸೇರಿ, ಕೊನೆಗೆ ಅಲ್ಲೇ ಮ್ಯಾನೇಜರ್ ಆದವರು. ಕಾರ್ಖಾನೆಯ ಭೋಂಗಾ ಕೂಗಿದ ಕೂಡಲೇ ನುಗ್ಗಿ ಬರುವ ಕೆಲಸಗಾರರ ಮುಂದೆ ನಿಂತು, ಇಡ್ಲಿಯಿಂದ ಹಿಡಿದು ಶಿರಾದವರೆಗೆ ಇಡೀ ಪಟ್ಟಿಯನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರಂತೆ. ಮ್ಯಾನೇಜರ್ ಆದ ಮೇಲೂ ಆ ಚಟ ಹೋಗಲಿಲ್ಲ. ಮನೆಗೆ ನೆಂಟರು ಬಂದರೆ ಅಡುಗೆಮನೆಯಲ್ಲಿ ಏನೇನಿದೆ ಎಂದು ನನ್ನನ್ನು ಕೇಳಿಕೊಂಡು ಹೋಗಿ ಅವರ ಮುಂದೆ ಪಟ್ಟಿ ಹೇಳುತ್ತಿದ್ದರು. ತಟ್ಟೆ, ಲೋಟ, ಪೇಪರು, ಕನ್ನಡಕದ ಡಬ್ಬಿ, ಏನನ್ನೇ ಆಗಲಿ ಮೇಜಿನ ಮೇಲೆ ಇಡುವಾಗ ಠಕ್ಕೆಂದು ಸದ್ದು ಬರಬೇಕು. ಸದ್ದಿಲ್ಲದೆ ಇಟ್ಟರೆ ಗಿರಾಕಿಗೆ ಊಟ ಬಂದದ್ದು ಗೊತ್ತಾಗುವುದು ಹೇಗೆ ಎಂದು ಅವರ ವಾದ.

ಆ ಹೋಟೆಲಿನಲ್ಲಿ ಒಂದು ಕಟ್ಟಳೆಯಿತ್ತು. ಗಿರಾಕಿಯ ಎದುರು ‘ಇಲ್ಲ’ ಎನ್ನುವ ಶಬ್ದ ಆಡಕೂಡದು. ಇಡ್ಲಿ ಮುಗಿದರೆ ಒಳಗಿನಿಂದ ಅಡುಗೆಯವರು ಎರಡೂ ಅಂಗೈ ತಟ್ಟಿ ಕೊಡವಿ ಸನ್ನೆ ಮಾಡುತ್ತಿದ್ದರು. ಆ ಕ್ಷಣದಿಂದ ಸಪ್ಲೈಯರನ ಪಟ್ಟಿ ವಡೆಯಿಂದ ಶುರು. ಇಡ್ಲಿ ಅಂತ ಒಂದಿತ್ತು, ಈಗ ಮುಗಿದಿದೆ ಎಂದು ವಿವರಿಸುವ ಪದ್ಧತಿಯೇ ಇರಲಿಲ್ಲ. ಪಟ್ಟಿಯಿಂದ ಸುಮ್ಮನೆ ಬಿಡುವುದು, ಅಷ್ಟೇ. ಮಾವ ಇದನ್ನು ನನಗೆ ಬಹಳ ಹೆಮ್ಮೆಯಿಂದ ಹೇಳಿದ್ದರು. ನಾನು ಆಗ ನಕ್ಕಿದ್ದೆ.

ನಾನು ಧಾರವಾಡ ಕಡೆಯವಳು, ಸಿಟ್ಟು ಮೂಗಿನ ತುದಿಯಲ್ಲೇ ಇರುವವಳು. ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಅಪ್ಪ ಮಗ ತುಳು ಆಡುತ್ತಿದ್ದರು, ಅತ್ತೆ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ನನಗೆ ತುಳು ಬಾರದು ಎಂದು ಮಾವ ನನ್ನೊಂದಿಗೆ ಉಡುಪಿ ಕನ್ನಡ ಆಡುತ್ತಿದ್ದರು. ನನ್ನನ್ನು ‘ಮಗಾ’ ಎಂದು ಕರೆಯುತ್ತಿದ್ದರು. ನಮ್ಮ ಕಡೆ ಹಾಗೆ ಕರೆಯುವುದು ಗಂಡು ಹುಡುಗರನ್ನು. ಮೊದಲ ದಿನ ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿದ್ದೆ. ಆಮೇಲೆ ಆ ಕರೆ ಎಷ್ಟು ರೂಢಿಯಾಯಿತೆಂದರೆ, ನನ್ನ ಸ್ವಂತ ಹೆಸರು ಆಫೀಸಿಗೆ ಮಾತ್ರ ಅನ್ನುವಂತಾಯಿತು. ನವಿ ಮುಂಬೈಯ ಮಹಾಪೆಯಲ್ಲಿ ನನ್ನ ಆಫೀಸು. ಲಿನಕ್ಸ್ ಹಾಕಿದ ಸರ್ವರುಗಳನ್ನು ನೋಡಿಕೊಳ್ಳುವ ಕೆಲಸ.

ಎರಡು ಸಾವಿರದ ಹದಿನಾಲ್ಕು ಹದಿನೈದರ ಸುಮಾರಿಗೆ ಮಾವನ ಗಂಟಲು ಕಟ್ಟಿತು. ಶೀತವೆಂದುಕೊಂಡದ್ದು ಗಡ್ಡೆಯಾಗಿತ್ತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಪರೇಷನ್ ಆದ ಮೇಲೆ ಬರೆದು ತೋರಿಸಬಹುದು ಎಂದು ನನ್ನ ಗಂಡ ಸಮಾಧಾನ ಹೇಳಿದರು. ಆದರೆ ಮಾವ ಶಾಲೆಗೆ ಹೋದದ್ದೇ ಅಷ್ಟಕ್ಕಷ್ಟೆ. ಒಂದು ಸಾಲು ಬರೆಯುವಷ್ಟರಲ್ಲಿ ಎದುರಿಗಿದ್ದವರ ಚಾ ಆರಿಹೋಗುತ್ತಿತ್ತು.

ಆಗ ನನಗೊಂದು ಉಪಾಯ ಹೊಳೆಯಿತು. ಮಾತು ಹೋಗುವ ಮೊದಲೇ ಅವರ ಮಾತುಗಳನ್ನು ಅವರದೇ ಧ್ವನಿಯಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳುವುದು. ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಕೀಗೊಂದು ಮಾತು. ಕೀ ಒತ್ತಿದರೆ ಮಾವನ ಧ್ವನಿ.

ಆಪರೇಷನ್ನಿಗೆ ಮೊದಲಿನ ಕೆಲವು ದಿನ ಮಲಗುವ ಕೋಣೆಯಲ್ಲಿ ಕೂತು ರೆಕಾರ್ಡ್ ಮಾಡಿದೆವು. ಮಳೆಗಾಲ. ಗಾಡಿಗಳ ಸದ್ದು ಬಾರದಿರಲೆಂದು ಕಿಟಕಿಗೆ ರಜಾಯಿ ಕಟ್ಟಿದ್ದೆ, ಆದರೆ ಹೊರಗಿನ ತಗಡಿನ ಮೇಲೆ ಬೀಳುವ ಮಳೆಯ ಸದ್ದನ್ನು ತಡೆಯಲಾಗಲಿಲ್ಲ. ‘ಊಟ ಆಯ್ತಾ?’ ಎನ್ನುವಾಗ ನಮ್ಮ ಕುಕ್ಕರು ಸೀಟಿ ಹಾಕಿತು. ಇನ್ನೊಮ್ಮೆ ಹೇಳಿ ಎಂದರೆ ಮಾವ ಒಪ್ಪಲಿಲ್ಲ. ಊಟದ ಮಾತಿಗೆ ಕುಕ್ಕರಿನ ಸೀಟಿ ಇದ್ದರೆ ಒಳ್ಳೆಯದೇ ಎಂದರು. ಗಂಟಲು ನೋಯುತ್ತಿದ್ದುದರಿಂದ ನಾನೂ ಒತ್ತಾಯ ಮಾಡಲಿಲ್ಲ. ಚಾ ಉಂಟಾ, ಉಪ್ಪು ಜಾಸ್ತಿ, ಟಿವಿ ಸಣ್ಣ ಮಾಡು, ಯಾರು ಬಂದದ್ದು, ಸಾಕು, ಬೇಡ, ಮಗನಿಗೆ ಬೈಯಲು ತುಳುವಿನಲ್ಲಿ ಎರಡು ಮಾತು, ಮೊಮ್ಮಗಳಿಗೆ ಹಿಂದಿಯಲ್ಲಿ ನಾಲ್ಕು ಮಾತು. ನನ್ನ ಮಗಳು ಕನ್ನಡ ತುಳು ಎರಡೂ ಅರ್ಥ ಮಾಡಿಕೊಂಡು ಉತ್ತರ ಹಿಂದಿಯಲ್ಲೇ ಕೊಡುತ್ತಿದ್ದಳು. ನನ್ನ ಪಾಲಿಗೆ ಬಂದದ್ದು, ‘ಮಗಾ, ಕೊಡೆ ತಕೊಂಡಿದ್ದೀಯಾ?’ ನಾನು ಕೆಲಸಕ್ಕೆ ಹೊರಡುವಾಗ ಆ ಮಳೆಗಾಲವೆಲ್ಲ ಅವರು ಕೇಳುತ್ತಿದ್ದ ಮಾತು ಅದು.

‘ಇಲ್ಲ’ ಎನ್ನುವುದನ್ನು ಮಾತ್ರ ಅವರು ರೆಕಾರ್ಡ್ ಮಾಡಲು ಬಿಡಲಿಲ್ಲ.

“ಅದೊಂದು ಬೇಡ ಮಗಾ. ಗಿರಾಕಿ ಹತ್ರ ಆ ಶಬ್ದ ಹೇಳಿದ್ರೆ ಅವ ನಾಳೆ ಬೇರೆ ಹೋಟ್ಲಿಗೆ ಹೋಗ್ತಾನೆ.”

ನಾವು ಗಿರಾಕಿಗಳಲ್ಲ, ಮನೆಯವರು ಎಂದೆ. ಅವರು ನಕ್ಕರು, ಆದರೆ ಹೇಳಲಿಲ್ಲ.

ಲ್ಯಾಪ್‌ಟಾಪಿಗೆ ವಿಂಡೋಸಿನ ಬದಲು ಲಿನಕ್ಸ್ ಹಾಕಿದ್ದೆ. ಹಳೆಯ ಯಂತ್ರದಲ್ಲಿ ಅದು ಹಗುರವಾಗಿ ಓಡುತ್ತದೆ, ಮತ್ತು ಅದೊಂದು ನನಗೆ ಕೈವಶವಾಗಿದ್ದ ವಿದ್ಯೆ. ಆದರೆ ಒಳಗಿದ್ದುದು ತಿರುಗುವ ಹಾರ್ಡ್‌ಡಿಸ್ಕು. ಮಾವ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಮಸಾಲೆದೋಸೆ ಇಟ್ಟಂತೆ ಠಕ್ಕೆಂದು ಇಡುವುದನ್ನು ನೋಡಿದೆ. ಹೀಗಾದರೆ ಇದು ಆರು ತಿಂಗಳೂ ಬಾಳುವುದಿಲ್ಲ. ಅವರನ್ನು ತಿದ್ದುವುದು ಆಗದ ಮಾತು. ಅದಕ್ಕೇ ಹಾರ್ಡ್‌ಡಿಸ್ಕು ತೆಗೆದು ಎಸ್‌ಎಸ್‌ಡಿ ಹಾಕಿದೆ. ಅದರಲ್ಲಿ ತಿರುಗುವ ಭಾಗವೇ ಇರುವುದಿಲ್ಲ, ಬರಿಯ ಚಿಪ್‌ಗಳು, ಎಷ್ಟು ಕುಕ್ಕಿದರೂ ಏನೂ ಆಗದು. ತೆಗೆದ ಹಾರ್ಡ್‌ಡಿಸ್ಕಿಗೆ ಒಂದು ಡಬ್ಬಿ ತೊಡಿಸಿ, ಭಾನುವಾರಕ್ಕೊಮ್ಮೆ ಲ್ಯಾಪ್‌ಟಾಪಿಗೆ ಜೋಡಿಸಿದರೆ ಎಲ್ಲ ಮಾತುಗಳ ನಕಲು ಅದರಲ್ಲಿ ಇಳಿಯುವಂತೆ ಮಾಡಿದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಆಸ್ಪತ್ರೆಯಿಂದ ಬಂದ ಮೇಲೆ ಮಾವ ಮೊದಲು ಒತ್ತಿದ್ದು ‘ಚಾ ಉಂಟಾ?’ ನನ್ನ ಗಂಡ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು. ನಾನು ಚಾ ಮಾಡುತ್ತ ಅತ್ತೆ. ಅತ್ತದ್ದು ಅವತ್ತು ಮಾತ್ರ, ಯಾಕೆಂದರೆ ವಾರದೊಳಗೆ ಮಾವ ಆ ಕೀಗಳ ಮೇಲೆ ಕೈ ಪಳಗಿಸಿಕೊಂಡು ನಮ್ಮ ತಲೆ ತಿನ್ನಲು ಶುರು ಮಾಡಿದರು. ಟಿವಿ ಸಣ್ಣ ಮಾಡು ಎನ್ನುವುದನ್ನು ಟಿವಿ ಸಣ್ಣಗಾಗುವ ತನಕ ಒತ್ತುತ್ತಲೇ ಇರುವರು. ಕೊಡೆಯ ಮಾತಂತೂ ಮಳೆ ನಿಂತ ಮೇಲೂ ನಿಲ್ಲಲಿಲ್ಲ. ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ಹಾಲಿನಿಂದ ತಗಡಿನ ಮೇಲೆ ಮಳೆ ಬೀಳುವ ಸದ್ದು, ಹಿಂದೆಯೇ ಮಾವನ ಧ್ವನಿ, ‘ಮಗಾ, ಕೊಡೆ ತಕೊಂಡಿದ್ದೀಯಾ?’ ನನ್ನ ಜೊತೆ ಆಡಲು ಅವರ ಹತ್ತಿರ ಇದ್ದದ್ದು ಅದೊಂದೇ ಮಾತು, ಹಾಗಾಗಿ ಅದನ್ನೇ ಆಡುತ್ತಿದ್ದರು. ಹೋಗಿ ಬಾ ಎಂಬುದಕ್ಕೂ ಅದೇ, ಯಾಕೆ ಮುಖ ಸಪ್ಪಗಿದೆ ಎಂಬುದಕ್ಕೂ ಅದೇ.

ದೀಪಾವಳಿಗೆ ಮನೆಯೆಲ್ಲ ತೊಳೆದೆ. ಅದೇ ಹುರುಪಿನಲ್ಲಿ ಲ್ಯಾಪ್‌ಟಾಪಿಗೂ ಲಿನಕ್ಸಿನ ಹೊಸ ಆವೃತ್ತಿ ಹಾಕಿದೆ. ಅದಾಗಿ ಕೆಲವು ವಾರಕ್ಕೆ, ಲೋಕಲ್ ಗಾಡಿ ತಪ್ಪುವ ಗಡಿಬಿಡಿಯಲ್ಲಿದ್ದ ಒಂದು ಬೆಳಿಗ್ಗೆ ಕೊಡೆಯ ಮಾತು ಬಂದಾಗ, ಮಳೆ ಎಲ್ಲಿ ಬಂದಿದೆ ಎಂದು ಸ್ವಲ್ಪ ಒರಟಾಗಿಯೇ ಅಂದುಬಿಟ್ಟೆ. ಮುಂದಿನ ವಾರದಿಂದ ಆ ಮಾತು ನಿಂತಿತು.

ಅಷ್ಟಕ್ಕೇ ಮುನಿಸಿಕೊಂಡರಲ್ಲ ಎಂದು ಮೊದಲು ಬೇಜಾರಾಯಿತು, ಆಮೇಲೆ ಸಿಟ್ಟು ಬಂತು. ಅವರು ಮಾತಾಡದಿದ್ದರೆ ನನಗೇನು ಎಂದು ನಾನೂ ಬಿಗುವಾಗಿದ್ದೆ. ಮನೆಯಲ್ಲಿ ಮಾತು ಬಾರದವರ ಜೊತೆ ಮಾತು ಬಿಟ್ಟು ಜಗಳ ಕಾಯ್ದವಳು ನಾನೊಬ್ಬಳೇ ಇರಬೇಕು. ಕಲ್ಯಾಣದಿಂದ ಬರುವ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನನಗೆ ಜಾಗ ಹಿಡಿದಿಡುತ್ತಿದ್ದ ಮರಾಠಿ ಗೆಳತಿಯೊಬ್ಬರಿದ್ದರು. ಅವರ ಮುಂದೆ ದಿನವೂ ಮಾವನ ಮೇಲೆ ದೂರು ಹೇಳುತ್ತಿದ್ದೆ. ಮಾತೇ ಬರದ ಮನುಷ್ಯ ಮಾತು ಬಿಟ್ಟ ಎಂದರೆ ಏನರ್ಥ ಎಂದು ಅವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಕ್ರಮೇಣ ಮಾವ ನನ್ನ ಜೊತೆಗಷ್ಟೇ ಅಲ್ಲ, ಎಲ್ಲರ ಜೊತೆಗೂ ಕಡಿಮೆಯಾದರು. ಮಗನಿಗೆ ಬೈಯುವುದು ನಿಂತಿತು. ಟಿವಿ ಎಷ್ಟು ಕಿರುಚಿದರೂ ಸುಮ್ಮನೆ ಕೂತಿರುವರು. ಉಪ್ಪು ಜಾಸ್ತಿ ಎನ್ನುವ ದೂರೂ ಬರದೇ ಹೋದಾಗ, ನನ್ನ ಸಾರು ಅಂತೂ ಇಂತೂ ಸುಧಾರಿಸಿತು ಎಂದು ನಾನು ಒಳಗೊಳಗೇ ಖುಷಿಪಟ್ಟದ್ದೂ ಉಂಟು. ಇಂಥ ಆಪರೇಷನ್ ಆದವರು ಹಲವರು ಹೀಗೆ ಮಂಕಾಗುತ್ತಾರೆ, ಜಾಗ ಬದಲಿಸಿ ನೋಡಿ ಎಂದರು ಡಾಕ್ಟರು. ಗಂಡ ಉಡುಪಿಯಲ್ಲಿರುವ ಅಕ್ಕನಿಗೆ ಫೋನು ಮಾಡಿದರು. ಅಪ್ಪ ಇನ್ನು ಅವಳ ಹತ್ತಿರವೇ ಇರಲಿ, ಅವರಿಗೆ ಈ ಮನೆ ಹಿಡಿಸುತ್ತಿಲ್ಲ ಎಂದು ತೀರ್ಮಾನವಾಯಿತು. ಈ ಮನೆ ಎಂದರೆ ನಾನು ಎಂದು ನನಗೆ ಚೆನ್ನಾಗಿ ಅರ್ಥವಾಯಿತು. ಮಾವನನ್ನು ಕೇಳಿದಾಗ ಅವರು ತಲೆಯಾಡಿಸಿ ಒಪ್ಪಿದರು. ಟಿಕೆಟ್ಟೂ ಆಯಿತು.

ಹೊರಡುವ ಹಿಂದಿನ ಭಾನುವಾರ ಬೆಳಿಗ್ಗೆ ಅವರ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದೆ. ಮಡಚಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದೆ. ಕೊನೆಗೆ ತಡೆಯಲಾರದೆ ಹಾಲಿಗೆ ಹೋಗಿ ಅವರೆದುರು ನೆಲದ ಮೇಲೆ ಕೂತೆ.

“ಮಾವಾರ, ನನ್ನ ಮ್ಯಾಲೆ ಸಿಟ್ಟೇನ್ರಿ?”

ಅವರು ಅಡ್ಡಡ್ಡ ತಲೆ ಅಲ್ಲಾಡಿಸಿದರು. ಬರೀ ತಲೆ ಅಲ್ಲಾಡಿಸುವುದನ್ನು ನಂಬುವವಳಲ್ಲ ನಾನು. ಮತ್ಯಾಕೆ ನನ್ನನ್ನು ಕರೆಯುವುದಿಲ್ಲ ಎಂದು ಕೇಳಿದೆ. ಅವರು ಲ್ಯಾಪ್‌ಟಾಪು ಎಳೆದುಕೊಂಡು ಕೊಡೆಯ ಕೀ ಒತ್ತಿದರು. ಏನೂ ಕೇಳಿಸಲಿಲ್ಲ. ಮತ್ತೊಮ್ಮೆ ಒತ್ತಿದರು. ಮಳೆಯೂ ಇಲ್ಲ, ಧ್ವನಿಯೂ ಇಲ್ಲ. ಆಮೇಲೆ ನನ್ನ ಮುಖ ನೋಡಿ ಎರಡೂ ಅಂಗೈ ತಟ್ಟಿ ಕೊಡವಿದರು.

ಇಡ್ಲಿ ಮುಗಿದಾಗ ಅಡುಗೆಯವರು ಮಾಡುತ್ತಿದ್ದ ಸನ್ನೆ ಅದು. ನಾನು ಮಿಕ್ಕ ಕೀಗಳನ್ನೆಲ್ಲ ಒಂದೊಂದಾಗಿ ಒತ್ತಿದೆ. ಬೈಗುಳ ಇಲ್ಲ. ಟಿವಿ ಇಲ್ಲ. ಉಪ್ಪು ಇಲ್ಲ. ಅರ್ಧಕ್ಕಿಂತ ಹೆಚ್ಚು ಕೀಗಳು ಮೂಕವಾಗಿದ್ದವು. ವಾರ ವಾರವೂ ಒಂದೆರಡು ಮಾತು ಮುಗಿಯುತ್ತ ಬಂದಿದ್ದವು. ಅವರು ದೂರದೆ, ಕೇಳದೆ, ಮುಗಿದ ಮಾತನ್ನು ಪಟ್ಟಿಯಿಂದ ಬಿಡುತ್ತ ಬಂದಿದ್ದರು. ಮಾತುಗಳೂ ಬಳಸಿದಷ್ಟು ಖರ್ಚಾಗುತ್ತವೆ ಎಂದುಕೊಂಡಿದ್ದರೋ ಏನೋ. ನಮಗೆಲ್ಲ ಅವರು ಮುನಿಸಿಕೊಂಡಂತೆ, ಮಂಕಾದಂತೆ ಕಾಣುತ್ತಿದ್ದಾಗ ಅವರ ಹತ್ತಿರ ಆಡಲು ಮಾತೇ ಉಳಿದಿರಲಿಲ್ಲ. ನಾನು ಅಲ್ಲೇ ಅವರ ಮೊಣಕಾಲಿಗೆ ತಲೆಯಿಟ್ಟು ಅತ್ತೆ. ಅವರು ನನ್ನ ತಲೆ ತಟ್ಟಿದರು.

ಅತ್ತು ಮುಗಿದ ಮೇಲೆ ಫೈಲುಗಳನ್ನು ತೆರೆದೆ. ಹೆಸರು ಇತ್ತು, ಅಳತೆ ಇತ್ತು, ಒಳಗೆ ಮಾತ್ರ ಸಾಲು ಸಾಲು ಸೊನ್ನೆ. ಧ್ವನಿಯ ಫೈಲಿನಲ್ಲಿ ಸೊನ್ನೆ ಎಂದರೆ ಮೌನ. ಅಂತರ್ಜಾಲದಲ್ಲಿ ಹುಡುಕಿದೆ. ಅದೇ ಡಿಸ್ಕು ಕೊಂಡವರು ಬೇರೆಬೇರೆ ದೇಶಗಳಲ್ಲಿ ಕೂತು ತಲೆ ಚಚ್ಚಿಕೊಳ್ಳುತ್ತಿದ್ದರು.

ಏನಾಗಿದೆ ಎಂದು ಮಾವ ಕಣ್ಣಲ್ಲೇ ಕೇಳಿದರು. ಅವರಿಗೆ ಹೋಟೆಲಿನ ಮಾತಿನಲ್ಲೇ ಹೇಳಿದೆ. ಊಟ ಮುಗಿದವರು ಎಲೆ ಮಡಚುತ್ತಾರಲ್ಲ, ಹಾಗೆ ಬೇಡವಾದ ಫೈಲುಗಳ ಜಾಗ ಯಾವುದು ಎಂದು ಲಿನಕ್ಸು ವಾರಕ್ಕೊಮ್ಮೆ ಡಿಸ್ಕಿಗೆ ಹೇಳುತ್ತದೆ, ಈ ಎಲೆ ಮಡಚಿದೆ, ಎತ್ತಿಬಿಡು ಅಂತ. ಹಳೆಯ ಆವೃತ್ತಿ ಹೇಳುತ್ತಿರಲಿಲ್ಲ, ದೀಪಾವಳಿಗೆ ಹಾಕಿದ ಹೊಸದು ಹೇಳತೊಡಗಿತು. ಡಿಸ್ಕಿಗೂ ಒಳಗೆ ಒಂದು ಸ್ವಂತ ಬುದ್ಧಿ ಇರುತ್ತದೆ, ಕಂಪನಿಯವರೇ ತುಂಬಿ ಕಳಿಸಿದ್ದು, ಫರ್ಮ್‌ವೇರ್ ಅನ್ನುತ್ತಾರೆ. ಬಡಿಸುವ ಗಲಾಟೆಯ ನಡುವೆಯೂ ಎಲೆ ಎತ್ತಬಲ್ಲೆ ಎಂದು ಈ ಡಿಸ್ಕಿನ ಬುದ್ಧಿ ಜಂಬ ಕೊಚ್ಚಿಕೊಂಡಿತ್ತು. ಲಿನಕ್ಸು ಅದನ್ನು ನಂಬಿತು. ಗಲಾಟೆಯಲ್ಲಿ ಅದು ಇನ್ನೂ ಉಣ್ಣುತ್ತ ಕೂತವರ ಎಲೆ ಎತ್ತಿತು.

ಮಾವನಿಗೆ ನನ್ನ ಆಫೀಸಿನ ಯಾವ ಕೆಲಸವೂ ಇಷ್ಟು ಚೆನ್ನಾಗಿ ಅರ್ಥವಾದದ್ದಿಲ್ಲ. ಅವರ ಹುಬ್ಬು ಗಂಟಿಕ್ಕಿತು. ಉಣ್ಣುವವರ ಎಲೆ ಎತ್ತುವುದಕ್ಕಿಂತ ದೊಡ್ಡ ಪಾಪ ಅವರ ಲೆಕ್ಕದಲ್ಲಿ ಇರಲಿಲ್ಲ. ಬಾಗಿಲ ಕಡೆ ಕೈ ತೋರಿಸಿ, ಅವನನ್ನು ಕೆಲಸದಿಂದ ತೆಗೆ ಎಂದು ಸನ್ನೆ ಮಾಡಿದರು.

ಕಂಪನಿಯವರು ಹೇಳುತ್ತಿದ್ದುದೇ ಬೇರೆ. ತಮ್ಮ ಡಿಸ್ಕು ವಿಂಡೋಸಿನಲ್ಲಿ ಸರಿಯಾಗಿಯೇ ಇದೆ, ಲಿನಕ್ಸಿಗೆ ತಾವು ಹೊಣೆಯಲ್ಲ ಎಂದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಲಿನಕ್ಸಿನವರು ಡಿಸ್ಕು ಸುಳ್ಳು ಹೇಳಿದರೆ ತಾವೇನು ಮಾಡಬೇಕು ಎನ್ನುತ್ತಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ, ಡೊಂಬಿವಲಿಯ ಒಬ್ಬ ಮುದುಕ ತನ್ನ ಮಗನಿಗೆ ಬೈಯುವ ಹಕ್ಕನ್ನೂ ಕಳೆದುಕೊಂಡಿದ್ದ.

ಇನ್ನು ಉಳಿದದ್ದು ನಕಲು. ಹಾರ್ಡ್‌ಡಿಸ್ಕಿನ ಡಬ್ಬಿಯನ್ನು ಕಪಾಟಿನಿಂದ ತೆಗೆದೆ. ಭಾನುವಾರಕ್ಕೊಮ್ಮೆ ತಪ್ಪದೆ ನಕಲು ಇಳಿದಿತ್ತು, ಭಯ ಇದ್ದದ್ದೇ ಅಲ್ಲಿ. ಎಸ್‌ಎಸ್‌ಡಿಯ ಮೌನವೂ ತಪ್ಪದೆ ಇಳಿದು, ಮೊದಲಿದ್ದ ಮಾತುಗಳ ಮೇಲೆ ಕೂತಿರಬಹುದು. ಹಾಗಾಗಿದ್ದರೆ ಮಾವನ ಧ್ವನಿ ಈ ಲೋಕದಲ್ಲಿ ಇನ್ನೆಲ್ಲೂ ಇಲ್ಲ. ಮತ್ತೊಮ್ಮೆ ರೆಕಾರ್ಡ್ ಮಾಡಲು ಗಂಟಲು ಎಲ್ಲಿದೆ? ಗಂಡ ಪಕ್ಕದಲ್ಲಿ ಬಂದು ನಿಂತರು. ಡಿಸ್ಕು ಗುರ್‌ರೆಂದು ತಿರುಗಿತು. ಎಸ್‌ಎಸ್‌ಡಿಯಲ್ಲಿ ಮೂಕವಾಗಿದ್ದ ‘ಊಟ ಆಯ್ತಾ’ ಎಂಬ ಫೈಲು ಒತ್ತಿದೆ.

ಮೊದಲು ಬಂದದ್ದು ಕುಕ್ಕರಿನ ಸೀಟಿ. ಹಿಂದೆಯೇ ಮಾವನ ಧ್ವನಿ.

ನಕಲು ಮಾಡುವ ಪ್ರೋಗ್ರಾಮು ಶುದ್ಧ ಸೋಮಾರಿ. ಹೆಸರು, ಅಳತೆ, ತಾರೀಖು ನೋಡಿ, ಏನೂ ಬದಲಾಗಿಲ್ಲ ಎಂದು ಫೈಲಿನ ಒಳಗೆ ಇಣುಕದೆ ಮುಂದೆ ಹೋಗಿತ್ತು. ಅದರ ಮೈಗಳ್ಳತನದಿಂದ ಎಲ್ಲ ಮಾತುಗಳೂ ಇದ್ದಹಾಗೇ ಇದ್ದವು. ಅವತ್ತು ನಾನು ಸೋಮಾರಿತನಕ್ಕೆ ಮನಸಾರೆ ಕೈ ಮುಗಿದೆ. ಮಾವ ಎಲ್ಲ ಮಾತುಗಳನ್ನೂ ಒಂದರ ಹಿಂದೊಂದು ಹಾಕಿಸಿಕೊಂಡು ಕೇಳಿದರು. ತುಳುವಿನ ಬೈಗುಳ ಬಂದಾಗ ಗಂಡ ಕಣ್ಣು ಒರೆಸಿಕೊಂಡು ನಕ್ಕರು. ಟಿಕೆಟ್ಟು ಅವತ್ತೇ ರದ್ದಾಯಿತು.

ಫರ್ಮ್‌ವೇರನ್ನು ಸರಿಪಡಿಸುವ ಪ್ರೋಗ್ರಾಮೊಂದನ್ನು ಕಂಪನಿ ಹೊರಡಿಸಿತ್ತು, ಆದರೆ ಅದು ಓಡುವುದು ವಿಂಡೋಸಿನಲ್ಲಿ ಮಾತ್ರ. ಡಿಸ್ಕನ್ನು ಬಿಚ್ಚಿ, ಗಂಡನ ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿ, ಬೈದುಕೊಳ್ಳುತ್ತಲೇ ಆ ಕೆಲಸ ಮುಗಿಸಿದೆ. ಹಾಗಂತ ಅದನ್ನು ನಂಬಲಿಲ್ಲ. ಎಲೆ ಎತ್ತು ಎಂದು ಹೇಳುವುದನ್ನೇ ಲಿನಕ್ಸಿನಲ್ಲಿ ನಿಲ್ಲಿಸಿಬಿಟ್ಟೆ. ಡಿಸ್ಕು ನಿಧಾನವಾದರೆ ಆಗಲಿ, ಎಂಜಲೆಲೆ ಬಿದ್ದಿದ್ದರೆ ಬಿದ್ದಿರಲಿ, ಉಣ್ಣುವವರನ್ನು ಎಬ್ಬಿಸುವುದು ಬೇಡ. ಮಾವನಿಗೂ ಒಂದು ಕರಾರು ಹಾಕಿದೆ. ಇನ್ನು ಮೇಲೆ ಯಾವ ಮಾತು ಮುಗಿದರೂ ಅಂಗೈ ಕೊಡವಿ ತೋರಿಸಬೇಕು, ಇದು ಹೋಟೆಲಲ್ಲ, ನಾವು ಬೇರೆ ಹೋಟೆಲಿಗೆ ಹೋಗುವವರಲ್ಲ ಎಂದೆ. ಅವರು ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಠಕ್ಕೆಂದು ಇಟ್ಟರು. ಒಪ್ಪಿಗೆ ಎಂದು ತಿಳಿದುಕೊಂಡೆ.

ಮೇ ತಿಂಗಳು. ಬೆಳಿಗ್ಗೆಯೇ ಬೆವರು ಸುರಿಯುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. ಹಾಲಿನಲ್ಲಿ ತಗಡಿನ ಮೇಲೆ ಮಳೆ ಬಿತ್ತು.

“ಮಗಾ, ಕೊಡೆ ತಕೊಂಡಿದ್ದೀಯಾ?”

ಗಾಡಿಗೆ ಹೊತ್ತಾಗಿತ್ತು. ಆದರೂ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅಟ್ಟದ ಮೇಲಿಟ್ಟಿದ್ದ ಕೊಡೆಯನ್ನು ಇಳಿಸಿ, ಧೂಳು ಒರೆಸಿ, ಅವರಿಗೆ ಕಾಣುವಂತೆ ಕೈಯಲ್ಲಿ ಹಿಡಿದುಕೊಂಡು ಹೊರಟೆ. ಡಬ್ಬಿಯಲ್ಲಿ ಜಾಗ ಹಿಡಿದಿದ್ದ ಗೆಳತಿ ನನ್ನ ಕೈ ನೋಡಿ, ಈ ಉರಿ ಬಿಸಿಲಿನಲ್ಲಿ ಇದೇನು ಎಂದು ಕೇಳಿದರು. ಮಾವ ತಗೊಂಡು ಹೋಗು ಅಂದರು ಎಂದೆ. ಅವರು ಮಾತು ಬಿಟ್ಟಿದ್ದರಲ್ಲ ಎಂದು ಕೇಳಿದರು.

ಬಿಟ್ಟಿರಲಿಲ್ಲ, ಖಾಲಿಯಾಗಿತ್ತು ಎಂದೆ. ಗಾಡಿ ಮುಂಬ್ರಾ ಸ್ಟೇಷನ್ ದಾಟುವ ತನಕ ಕೊಡೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದೆ.